ಶಕ್ತಿ ಅಳಿಯದು ಎಂಬ ನಿಯಮ, ಆತ್ಮ ಅಳಿಯದು ಎಂಬ ನಂಬಿಕೆ

ಪ್ರಶ್ನೆ: ಕಳೆದ ತಿಂಗಳು ನಮ್ಮ ತಂದೆಯವರು ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ಪ್ರವಚನ ಹೇಳಿದವರು, ‘ಶಕ್ತಿಯನ್ನು ಹುಟ್ಟಿಸಲೂ ಆಗದು, ಅಳಿಸಲೂ ಆಗದು ಎಂದು ವಿಜ್ಞಾನವೇ ಹೇಳಿದೆ, ಆದ್ದರಿಂದ ಆತ್ಮಕ್ಕೆ ಸಾವಿಲ್ಲ ಎಂಬುದು ಈಗ ಸಿದ್ಧವಾಗಿದೆ’ ಎಂದರು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನನ್ನ ಮಗಳು ಅಂದು ರಾತ್ರಿ, ‘ಹಾಗಾದರೆ ದೇವರು ಜಗತ್ತನ್ನು ಸೃಷ್ಟಿಸಿದ ಎಂಬುದೂ ಅದೇ ನಿಯಮದಿಂದ ಸುಳ್ಳಾಗಬೇಕಲ್ಲ, ಅಪ್ಪಾ’ ಎಂದು ಕೇಳಿದಳು. ಇಬ್ಬರಲ್ಲಿ ಯಾರು ಸರಿ? ಹೂಳಿದರೆ ದೇಹದ ಶಕ್ತಿ ಮಣ್ಣಿನಲ್ಲಿ ಉಳಿಯುತ್ತದೆ, ಸುಟ್ಟರೆ ಹಾಳಾಗುತ್ತದೆ ಎಂದು ನಮ್ಮ ಬಂಧುಗಳೊಬ್ಬರು ಹೇಳುತ್ತಾರೆ. ಅದಾದರೂ ನಿಜವೇ?
— ಓದುಗರೊಬ್ಬರು, ಮುಧೋಳ ತಾಲ್ಲೂಕು

ಉತ್ತರ: ತಂದೆಯವರನ್ನು ಕಳೆದುಕೊಂಡ ದುಃಖದ ನಡುವೆಯೂ ಕೇಳಿಸಿಕೊಂಡ ಮಾತನ್ನು ಹಾಗೆಯೇ ಒಪ್ಪಿಕೊಳ್ಳದೆ, ಹಾಗೆಯೇ ತಳ್ಳಿಯೂ ಹಾಕದೆ ಪ್ರಶ್ನೆ ಬರೆದಿದ್ದೀರಿ. ಪ್ರವಚನಕಾರರೂ ನಿಮ್ಮ ಮಗಳೂ ಒಂದೇ ನಿಯಮವನ್ನು ಹಿಡಿದು ಎದುರುಬದುರು ದಿಕ್ಕಿಗೆ ಎಳೆದಿದ್ದಾರೆ. ನನ್ನ ಮಟ್ಟಿಗೆ ಆ ನಿಯಮ ಇಬ್ಬರ ಕೈಗೂ ಒದಗುವುದಿಲ್ಲ. ಅದು ಹೇಳುವುದು ಒಂದು ಮೊತ್ತದ ಬಗ್ಗೆ. ಆತ್ಮದ ನಂಬಿಕೆ ಹೇಳುವುದು ಒಬ್ಬ ವ್ಯಕ್ತಿಯ ಬಗ್ಗೆ. ಮೊತ್ತ ಉಳಿಯಿತು ಎಂದ ಮಾತ್ರಕ್ಕೆ ವ್ಯಕ್ತಿ ಉಳಿದನೆಂದೂ ಆಗುವುದಿಲ್ಲ, ಅಳಿದನೆಂದೂ ಆಗುವುದಿಲ್ಲ.

ಮೊದಲು ನಿಯಮ ಏನು ಹೇಳುತ್ತದೆ ಎಂಬುದನ್ನು ನೋಡೋಣ. ವಿಭೂತಿ ಮಾಡುವವರು ಸಗಣಿಯ ಉಂಡೆಗಳನ್ನು ಒಣಗಿಸಿ ಸುಡುತ್ತಾರೆ. ಬುಟ್ಟಿ ತುಂಬ ಇದ್ದದ್ದು ಸುಟ್ಟ ಮೇಲೆ ಬೊಗಸೆಯಷ್ಟು ಬೂದಿಯಾಗುತ್ತದೆ. ಉಳಿದದ್ದು ನಾಶವಾಯಿತೆಂದು ಕಣ್ಣು ಹೇಳುತ್ತದೆ. ಆದರೆ ಮುಚ್ಚಿದ ಪಾತ್ರೆಯಲ್ಲಿ ಸುಟ್ಟು, ಹೊಗೆಯನ್ನೂ ಕಣ್ಣಿಗೆ ಕಾಣದ ಅನಿಲಗಳನ್ನೂ ಒಳಗೆಳೆದುಕೊಂಡ ಗಾಳಿಯನ್ನೂ ಸೇರಿಸಿ ತೂಗಿದರೆ ಮೊದಲಿನ ತೂಕಕ್ಕೂ ನಂತರದ ತೂಕಕ್ಕೂ ವ್ಯತ್ಯಾಸವಿರುವುದಿಲ್ಲ. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಸ್ಪಷ್ಟವಾಗಿ ಬರೆದಿಟ್ಟ ದ್ರವ್ಯ ಸಂರಕ್ಷಣೆಯ ನಿಯಮ ಇದೇ. ಬುಟ್ಟಿಯಲ್ಲಿದ್ದ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿತು, ಜಲಜನಕ ನೀರಾವಿಯಾಗಿ ಹೋಯಿತು, ಸುಡದ ಖನಿಜಗಳು ಬೂದಿಯಾಗಿ ಉಳಿದವು.

ಶಕ್ತಿಯ ಲೆಕ್ಕ ಇದಕ್ಕಿಂತ ತಡವಾಗಿ ಬಂತು, ಏಕೆಂದರೆ ಶಕ್ತಿಯನ್ನು ತಕ್ಕಡಿಯಲ್ಲಿ ಇಡಲಾಗುವುದಿಲ್ಲ. 1840ರ ದಶಕದಲ್ಲಿ ಜರ್ಮನಿಯ ವೈದ್ಯ ಮಾಯರ್, ಇಂಗ್ಲೆಂಡಿನಲ್ಲಿ ಬಿಯರ್ ತಯಾರಿಸುವ ಮನೆತನದ ಜೂಲ್, ಮತ್ತು ಹೆಲ್ಮ್‌ಹೋಲ್ಟ್ಸ್ ಈ ಮೂವರು ಬೇರೆ ಬೇರೆ ದಾರಿಯಿಂದ, ಶಕ್ತಿ ರೂಪ ಬದಲಿಸಿದರೂ ಅದರ ಮೊತ್ತ ಬದಲಾಗದು ಎಂಬ ಒಂದೇ ನಿರ್ಣಯಕ್ಕೆ ಬಂದರು. ಜೂಲ್ ಅವರನ್ನು 1847ರಲ್ಲಿ ಆಲ್ಪ್ಸ್ ಸೀಮೆಯಲ್ಲಿ ಕಂಡಾಗ ಜಲಪಾತದ ನೀರು ಬಿದ್ದು ಎಷ್ಟು ಬಿಸಿಯಾಗುತ್ತದೆಂದು ಅಳೆಯಲು ಅವರ ಕೈಯಲ್ಲಿ ಉದ್ದನೆಯ ಥರ್ಮಾಮೀಟರ್ ಇತ್ತೆಂದು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ನೆನಪಿಸಿಕೊಂಡಿದ್ದಾರೆ. ಆ ಲೆಕ್ಕವನ್ನು ನಮ್ಮ ಗೋಕಾಕ ಜಲಪಾತಕ್ಕೆ ಹಾಕಿ ನೋಡಬಹುದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಬೀಳುತ್ತದೆ. ಆ ಎತ್ತರದ ಪ್ರಚ್ಛನ್ನ ಶಕ್ತಿಯೆಲ್ಲ ಬಿದ್ದ ನೀರಿನಲ್ಲೇ ಉಷ್ಣವಾಗಿ ಉಳಿದರೆ ಕೆಳಗಿನ ನೀರು ಮೇಲಿನದಕ್ಕಿಂತ ಸುಮಾರು 0.12 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ತುಂತುರು ಆರುವಾಗಿನ ತಂಪು ಮತ್ತು ಗಾಳಿ ಇಷ್ಟು ಚಿಕ್ಕ ವ್ಯತ್ಯಾಸವನ್ನು ಸುಲಭವಾಗಿ ನುಂಗಿಬಿಡುತ್ತವೆ. ಜೂಲ್ ಅವರಿಗೂ ಜಲಪಾತ ಒಲಿಯಲಿಲ್ಲ, ಮುಚ್ಚಿದ ಪಾತ್ರೆಯ ನೀರನ್ನು ಹುಟ್ಟಿನಂಥ ರೆಕ್ಕೆಗಳಿಂದ ಕಲಕಿಯೇ ಅವರು ಲೆಕ್ಕ ಸಾಧಿಸಿದರು. ಅದೇ ಬೀಳುವ ನೀರನ್ನು ಬಂಡೆಗೆ ಬಡಿಯಲು ಬಿಡದೆ ಚಕ್ರದ ಮೇಲೆ ಹರಿಸಿದರೆ ನೂಲಿನ ಗಿರಣಿ ನಡೆಯುತ್ತದೆ. ರೂಪ ಯಾವುದಾದರೇನು, ಕೂಡಿದರೆ ಮೊತ್ತ ಒಂದೇ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. 1905ರಲ್ಲಿ ಐನ್‌ಸ್ಟೈನ್ ತೋರಿಸಿದ ಮೇಲೆ ದ್ರವ್ಯರಾಶಿಗೆ ಒಂದು ಖಾತೆ, ಶಕ್ತಿಗೆ ಇನ್ನೊಂದು ಖಾತೆ ಎಂದು ಬೇರೆಯಾಗಿ ಇಡುವಂತಿಲ್ಲ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯರಾಶಿಯನ್ನು ಬೆಳಕಾಗಿ ಕಳೆದುಕೊಳ್ಳುತ್ತಿದ್ದಾನೆ. ಆದ್ದರಿಂದ ‘ವಸ್ತು ಎಂದಿಗೂ ಅಳಿಯದು’ ಎಂಬ ಮಾತು ಅಕ್ಷರಶಃ ನಿಜವಲ್ಲ; ಎರಡನ್ನೂ ಕೂಡಿಸಿದ ಲೆಕ್ಕ ಮಾತ್ರ ತಾಳೆಯಾಗುತ್ತದೆ.

ಇನ್ನು ಪ್ರವಚನಕಾರರ ಮಾತಿಗೆ ಬರುತ್ತೇನೆ. ಅದರ ಗೊಂದಲ ಅರ್ಧಕ್ಕರ್ಧ ಒಂದೇ ಪದದಿಂದ ಹುಟ್ಟಿದ್ದು. ಸವದತ್ತಿಯ ಗುಡ್ಡಕ್ಕೆ ‘ಉಧೋ ಉಧೋ’ ಎನ್ನುತ್ತ ಹೋಗುವವರು ಎಲ್ಲಮ್ಮನನ್ನು ಶಕ್ತಿ ಎನ್ನುತ್ತಾರೆ; ವೀರಶೈವ ದರ್ಶನವಾದ ಶಕ್ತಿವಿಶಿಷ್ಟಾದ್ವೈತದಲ್ಲಿ ಶಿವನಿಂದ ಬೇರ್ಪಡಿಸಲಾಗದ ಶಕ್ತಿಯ ಮಾತಿದೆ; ಮುಪ್ಪಿನವರು ‘ಕೈಕಾಲಲ್ಲಿ ಶಕ್ತಿ ಇಲ್ಲ’ ಎನ್ನುತ್ತಾರೆ; ಪಠ್ಯಪುಸ್ತಕ ಜೂಲ್ ಎಂಬ ಏಕಮಾನದಲ್ಲಿ ಅಳೆಯುವುದನ್ನೂ ಶಕ್ತಿ ಎಂದೇ ಕರೆಯುತ್ತದೆ. ಪದ ಒಂದಾದ್ದರಿಂದ ವಸ್ತುವೂ ಒಂದೇ ಎಂಬ ಭ್ರಮೆ ಹುಟ್ಟುವುದು ಸಹಜ. ಈ ತೊಡಕು ನಮಗಷ್ಟೇ ಅಂಟಿದ್ದಲ್ಲ. ಹೆಲ್ಮ್‌ಹೋಲ್ಟ್ಸ್ ತಮ್ಮ 1847ರ ಪ್ರಬಂಧದಲ್ಲಿ ಬಳಸಿದ ಜರ್ಮನ್ ಪದ ನಾವು ಇಂದು ‘ಬಲ’ ಎನ್ನುವುದಕ್ಕೂ ಸಲ್ಲುತ್ತಿತ್ತು. ಅದರಿಂದ ಅಲ್ಲಿಯೂ ಸಾಕಷ್ಟು ಗೊಂದಲವಾಯಿತು. ಭೌತಶಾಸ್ತ್ರದ ಶಕ್ತಿಗೆ ಇಚ್ಛೆಯಿಲ್ಲ, ನೆನಪಿಲ್ಲ, ಪಾಪಪುಣ್ಯವಿಲ್ಲ. ಅದು ಅಡತಿ ಅಂಗಡಿಯ ಕೀರ್ದಿಯಲ್ಲಿ ಸಂಜೆ ಬರೆಯುವ ಮೊತ್ತದಂತೆ: ಜೋಳದ ಚೀಲ ಹೋಗಿ ರೊಕ್ಕ ಬಂತು, ರೊಕ್ಕ ಹೋಗಿ ಹತ್ತಿ ಬಂತು, ಎರಡೂ ಬದಿ ತಾಳೆಯಾಯಿತು.

ಪ್ರವಚನಕಾರರ ಮಾತು ನಿಲ್ಲುವುದಿದ್ದರೆ ದೇಹದ ಕೀರ್ದಿಯಲ್ಲಿ ನಿಲ್ಲಬೇಕು. ದಿನಕ್ಕೆ ಸುಮಾರು 2000 ಕಿಲೋಕ್ಯಾಲೊರಿ ಆಹಾರ ತಿನ್ನುವ ಮನುಷ್ಯ ಸರಾಸರಿ 100 ವ್ಯಾಟ್‌ನಷ್ಟು, ಅಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು, ಉಷ್ಣವನ್ನು ಹೊರಬಿಡುತ್ತಿರುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ವಿದ್ವಾಂಸರು ಆಹಾರದ ಶಕ್ತಿಯ ಹೊರತಾಗಿ ಜೀವಿಗಳಲ್ಲಿ ಪ್ರತ್ಯೇಕವಾದ ಪ್ರಾಣಶಕ್ತಿಯೊಂದು ಇರಬೇಕೆಂದು ನಂಬಿದ್ದರು. ಜರ್ಮನಿಯ ಮ್ಯಾಕ್ಸ್ ರೂಬ್ನರ್ 1894ರಲ್ಲಿ ನಾಯಿಗಳನ್ನು ಉಷ್ಣಮಾಪಕ ಕೋಣೆಯಲ್ಲಿಟ್ಟು ಅವು ಹೊರಬಿಟ್ಟ ಉಷ್ಣವನ್ನು ಅಳೆದರು. ಅಮೆರಿಕದಲ್ಲಿ ಆಟ್‌ವಾಟರ್ ಮತ್ತು ರೋಸಾ ಅದೇ ದಶಕದಲ್ಲಿ ಮನುಷ್ಯರನ್ನೇ ಅಂಥ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ, ತಿಂದದ್ದು, ಉಸಿರಾಡಿದ್ದು, ವಿಸರ್ಜಿಸಿದ್ದು ಎಲ್ಲವನ್ನೂ ಲೆಕ್ಕಕ್ಕೆ ತಂದರು. ಒಳಹೋದದ್ದೂ ಹೊರಬಂದದ್ದೂ ತಾಳೆಯಾಯಿತು. ರೊಟ್ಟಿ, ಪಲ್ಯ, ಬೇಳೆಯಿಂದ ಬಂದ ಶಕ್ತಿಯ ಹೊರತು ಬೇರೊಂದು ಜಮೆ ಆ ಪುಸ್ತಕದಲ್ಲಿ ಕಾಣಲಿಲ್ಲ.

ಸಾವಿನ ಗಳಿಗೆಯಲ್ಲೂ ಪುಸ್ತಕ ತಪ್ಪುವುದಿಲ್ಲ. ಉಸಿರು ನಿಂತ ಮೇಲೆ ದೇಹ ತಣ್ಣಗಾಗುತ್ತದೆ. ಆ ಬಿಸಿ ಹಾಸಿಗೆಗೆ, ಗಾಳಿಗೆ, ಕೈಹಿಡಿದು ಕುಳಿತವರ ಅಂಗೈಗೆ ಸೇರುತ್ತದೆ. ಕೊಬ್ಬಿನಲ್ಲೂ ಸ್ನಾಯುವಿನಲ್ಲೂ ಇದ್ದ ರಾಸಾಯನಿಕ ಶಕ್ತಿ ಆ ಗಳಿಗೆಯಲ್ಲಿ ಎಲ್ಲಿಗೂ ಹೋಗದೆ ದೇಹದಲ್ಲೇ ಇರುತ್ತದೆ. ‘ಇಷ್ಟು ಶಕ್ತಿ ಕಾಣೆಯಾಗಿದೆ, ಅದು ಎಲ್ಲಿಗೋ ಹೋಗಿರಲೇಬೇಕು’ ಎಂದು ಹೇಳಬೇಕಾದರೆ ಮೊದಲು ಏನಾದರೂ ಕಾಣೆಯಾಗಿರಬೇಕಲ್ಲವೇ?

ಕಾಣೆಯಾದದ್ದನ್ನು ಹುಡುಕಿದವರೂ ಇದ್ದರು. ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಸಾಯುತ್ತಿದ್ದ ಆರು ರೋಗಿಗಳನ್ನು ಮಂಚಸಹಿತ ತಕ್ಕಡಿಯ ಮೇಲೆ ಇರಿಸಿ 1907ರಲ್ಲಿ ವರದಿ ಪ್ರಕಟಿಸಿದರು. ಆತ್ಮದ ತೂಕ 21 ಗ್ರಾಂ ಎಂದು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸುದ್ದಿಯ ಮೂಲ ಅದು. ಆ ಅಂಕಿ ಬಂದದ್ದು ಆರರಲ್ಲಿ ಒಬ್ಬರೇ ರೋಗಿಯಿಂದ. ಉಳಿದವರ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ, ಕೆಲವನ್ನು ಅವರೇ ಕೈಬಿಟ್ಟರು. ವಾದಕ್ಕಾಗಿ 21 ಗ್ರಾಂ ದ್ರವ್ಯ ನಿಜವಾಗಿ ಶಕ್ತಿಯಾಗಿ ಹೊರಟಿತು ಎಂದೇ ಇಟ್ಟುಕೊಳ್ಳಿ. ಐನ್‌ಸ್ಟೈನ್ ಸೂತ್ರದಂತೆ ಅದು ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಎರಡೂವರೆ ತಿಂಗಳು ಹಗಲೂ ರಾತ್ರಿ ನಡೆದರೆ ಬರುವಷ್ಟು ಶಕ್ತಿ. ಅಷ್ಟು ಶಕ್ತಿ ಒಂದು ಕೋಣೆಯಿಂದ ಹೊರಟಿದ್ದರೆ ಊರಿನಲ್ಲಿ ಅದನ್ನು ಹೇಳಲು ಯಾರೂ ಉಳಿಯುತ್ತಿರಲಿಲ್ಲ.

ಆದರೂ ಪ್ರವಚನಕಾರರ ವಾದದ ದೊಡ್ಡ ದೋಷ ಈ ಅಂಕಿಗಳಲ್ಲಿಲ್ಲ. ವಿಜಯಪುರದ ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ನಿಂತು ಯಾರದೋ ಹೆಸರು ಕೂಗಿದ್ದನ್ನು ನೆನಪಿಸಿಕೊಳ್ಳಿ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟ ಹೆಸರನ್ನು ಏಳು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಹಿಂದಿರುಗಿಸುತ್ತದೆ, ಆಮೇಲೆ ಮೌನ. ಸಾಧಾರಣ ಮಾತಿನ ಧ್ವನಿಯ ಸಾಮರ್ಥ್ಯ ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲಿನಷ್ಟಿರುತ್ತದೆ, ಕೂಗಿದರೆ ಅದಕ್ಕಿಂತ ಹೆಚ್ಚು. ಮೌನವಾದಾಗ ಅದರಲ್ಲಿ ಒಂದು ಕಣವೂ ನಾಶವಾಗಿರುವುದಿಲ್ಲ. ಗಾರೆಯೂ ಗಾಳಿಯೂ ಅಳತೆಗೆ ಸಿಗದಷ್ಟು ಅಲ್ಪವಾಗಿ ಬೆಚ್ಚಗಾಗಿರುತ್ತವೆ, ಅಷ್ಟೆ. ಶಕ್ತಿ ಉಳಿದಿದೆ; ಹೆಸರು ಎಲ್ಲಿದೆ? ಆ ಗೋಡೆಯ ಬಿಸಿಯಿಂದ ‘ಅವ್ವಾ’ ಎಂದು ಕೂಗಿದ್ದರೋ ‘ಅಪ್ಪಾ’ ಎಂದು ಕೂಗಿದ್ದರೋ ಎಂದು ಯಾವ ಯಂತ್ರವೂ ಓದಲಾರದು. ಅತಿ ಸೂಕ್ಷ್ಮ ಮಟ್ಟದ ಸಮೀಕರಣಗಳಲ್ಲಿ ಮಾಹಿತಿಯೂ ಅಳಿಯದು ಎಂದು ಹೇಳುವ ಭೌತವಿಜ್ಞಾನಿಗಳಿದ್ದಾರೆ, ನಿಮ್ಮ ಮಗಳು ಮುಂದೆ ಅದನ್ನು ಓದಿಯಾಳು. ಆದರೆ ಕೋಟಿ ಕೋಟಿ ಅಣುಗಳ ಅಲುಗಾಟದಲ್ಲಿ ಚೆದುರಿಹೋದದ್ದನ್ನು ಉಳಿದ ಹೆಸರು ಎಂದು ಯಾರೂ ಕರೆಯುವುದಿಲ್ಲ.

ಶಕ್ತಿ ಸಂರಕ್ಷಣೆಯ ನಿಯಮವನ್ನು ಹೇಳುವವರು ಅದರ ಜೊತೆಗೇ ಹುಟ್ಟಿದ ಎರಡನೆಯ ನಿಯಮವನ್ನು ಏಕೆ ಬಿಟ್ಟುಬಿಡುತ್ತಾರೋ ತಿಳಿಯದು. ಜರ್ಮನಿಯ ಕ್ಲಾಸಿಯುಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟದ್ದು ಆ ನಿಯಮದಲ್ಲಿ ಬರುವ ಅಳತೆಗೇ. ಮೊತ್ತ ಉಳಿಯುತ್ತದೆ, ಆದರೆ ಕೆಲಸಕ್ಕೆ ಬರುವ ಶಕ್ತಿ ಕ್ರಮೇಣ ಎಲ್ಲೆಡೆ ಹರಡಿದ, ಯಾವ ಕೆಲಸಕ್ಕೂ ಬಾರದ ಬೆಚ್ಚನೆಯಾಗುತ್ತದೆ, ವ್ಯವಸ್ಥೆ ಚೆದುರುತ್ತದೆ. ಮೊದಲ ನಿಯಮವನ್ನು ಆತ್ಮಕ್ಕೆ ಅನ್ವಯಿಸಿದರೆ ಎರಡನೆಯದನ್ನೂ ಅನ್ವಯಿಸಲೇಬೇಕು. ಆಗ ಆತ್ಮ ಅಮರವೇ ಹೌದು, ಆದರೆ ಆರಿದ ಒಲೆಯ ಬಿಸಿ ಅಮರವಾದಂತೆ ಅಮರ. ನಿಮ್ಮ ತಂದೆಯವರ ಬಗ್ಗೆ ಹಾಗೆ ಹೇಳುವುದು ಆ ಪ್ರವಚನಕಾರರ ಉದ್ದೇಶವಾಗಿರಲಾರದು.

ನಮ್ಮ ದರ್ಶನಕಾರರು ಈ ವಿಷಯದಲ್ಲಿ ಎಷ್ಟೋ ಹೆಚ್ಚು ಎಚ್ಚರದಿಂದಿದ್ದರು. ಸಾಂಖ್ಯರ ಸತ್ಕಾರ್ಯವಾದವನ್ನು ತೆಗೆದುಕೊಳ್ಳಿ: ಇಲ್ಲದ್ದು ಹುಟ್ಟದು, ಕಾರ್ಯ ಕಾರಣದಲ್ಲಿ ಮೊದಲೇ ಇರುತ್ತದೆ, ಎಳ್ಳಿನಿಂದ ಎಣ್ಣೆ ಬರುತ್ತದೆಯೇ ಹೊರತು ಉಸುಕನ್ನು ಗಾಣಕ್ಕೆ ಹಾಕಿದರೆ ಬರುವುದಿಲ್ಲ. ಇದನ್ನು ಓದಿದಾಗ ಲವಾಸಿಯೆ ನೆನಪಾಗುವುದು ಸಹಜವೇ. ತೂಕವಿಲ್ಲದ, ಅಳತೆಯಿಲ್ಲದ ಈ ತರ್ಕವನ್ನು ಸಂರಕ್ಷಣಾ ನಿಯಮವೆಂದು ಕರೆಯುವುದು ಅತಿಶಯೋಕ್ತಿ, ಆದರೆ ಹೋಲಿಕೆಗೆ ಅರ್ಥವಿದೆ. ಗಮನಿಸಬೇಕಾದದ್ದು ಬೇರೆ: ಸಾಂಖ್ಯರು ಈ ಪರಿಣಾಮವನ್ನೆಲ್ಲ ಇಟ್ಟದ್ದು ಪ್ರಕೃತಿಯ ಪಾಲಿಗೆ. ಮನಸ್ಸು, ಅಹಂಕಾರಗಳು ಕೂಡ ಅವರಿಗೆ ಪ್ರಕೃತಿಯೇ. ಪುರುಷ ಅಂದರೆ ಆತ್ಮ ಬದಲಾಗುವುದಿಲ್ಲ, ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುವುದೂ ಇಲ್ಲ. ಜೈನರ ಮಾತು ಇನ್ನೂ ಸ್ಪಷ್ಟ. ಸತ್ ಎಂದರೆ ಹುಟ್ಟು, ಅಳಿವು, ಸ್ಥಿರತೆ ಮೂರೂ ಕೂಡಿದ್ದು ಎಂಬ ತತ್ತ್ವಾರ್ಥಸೂತ್ರದ ವಚನವನ್ನು ಬೆಳಗಾವಿ ಸೀಮೆಯ ಜೈನ ಮನೆಗಳಲ್ಲಿ ಕೇಳಿರುತ್ತೀರಿ. ಅದೇ ಸೂತ್ರದ ಅದೇ ಅಧ್ಯಾಯ ಶಬ್ದ, ಬಿಸಿಲಿನ ತಾಪ, ಬೆಳಕುಗಳನ್ನು ಪುದ್ಗಲದ, ಅಂದರೆ ಜಡದ್ರವ್ಯದ, ಪರ್ಯಾಯಗಳೆಂದು, ಎಂದರೆ ಬದಲಾಗುವ ಸ್ಥಿತಿಗಳೆಂದು, ಎಣಿಸುತ್ತದೆ, ಜೀವ ಪುದ್ಗಲವಲ್ಲ. ನಾವು ಇಂದು ಶಕ್ತಿ ಎನ್ನುವುದನ್ನು ಅವರು ಆತ್ಮದ ಬದಿಗೆ ಬರೆಯದೆ ಜಡದ ಬದಿಗೆ ಬರೆದರು. ಗೀತೆಯಂತೂ ಆತ್ಮವನ್ನು ಬೆಂಕಿ ಸುಡದು, ನೀರು ನೆನೆಸದು ಎನ್ನುತ್ತದೆ. ಭೌತಶಾಸ್ತ್ರದ ಶಕ್ತಿ ಬೆಂಕಿಯೊಡನೆಯೂ ನೀರಿನೊಡನೆಯೂ ಸದಾ ಕೊಡುಕೊಳ್ಳುವಿಕೆ ನಡೆಸುವುದೇ ಆಗಿದೆ. ಹೀಗಾಗಿ ಆತ್ಮವನ್ನು ಶಕ್ತಿಗೆ ಸಮೀಕರಿಸಿದವರು ವಿಜ್ಞಾನವನ್ನಷ್ಟೇ ತಪ್ಪಾಗಿ ಓದಿಲ್ಲ, ತಮ್ಮ ಶಾಸ್ತ್ರವನ್ನೂ ಒಂದು ಮೆಟ್ಟಿಲು ಕೆಳಗಿಳಿಸಿದ್ದಾರೆ. ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಎಂಬ ಬಸವಣ್ಣನವರ ಸಾಲನ್ನೂ ಇತ್ತೀಚೆಗೆ ಇದೇ ಗಾಣಕ್ಕೆ ಹಾಕುವವರಿದ್ದಾರೆ. ಕಟ್ಟಿಸಿದ ಗುಡಿಗೂ ದೇಹವನ್ನೇ ದೇಗುಲವಾಗಿಸಿಕೊಂಡ ಬದುಕಿಗೂ ಇರುವ ಅಂತರವನ್ನು ಹೇಳುವ ವಚನದಲ್ಲಿ ದ್ರವ್ಯ ಮತ್ತು ಶಕ್ತಿಯ ಸಿದ್ಧಾಂತ ಹುಡುಕಿದರೆ ವಚನದ ಕಸುವೇ ಹೋಗುತ್ತದೆ.

ಈಗ ಮಗಳ ಪ್ರಶ್ನೆ. ಅವಳು ಕೇಳಿದ್ದನ್ನು ಬಹಳ ಹಿಂದೆಯೇ ದೊಡ್ಡವರು ಕೇಳಿದ್ದಾರೆ ಎಂದು ಅವಳಿಗೆ ಹೇಳಿ. 1892ರಲ್ಲಿ ಬೆಳಗಾವಿಯಲ್ಲಿ ಕೆಲವು ದಿನ ತಂಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಷಿಕಾಗೋದಲ್ಲಿ ಓದಿದ ಪ್ರಬಂಧದಲ್ಲಿ, ವಿಶ್ವದ ಶಕ್ತಿಯ ಮೊತ್ತ ಸದಾ ಒಂದೇ ಎಂದು ವಿಜ್ಞಾನ ಸಾಧಿಸಿದೆಯೆನ್ನುತ್ತಾರೆ, ಹಾಗಾದರೆ ಏನೂ ಇಲ್ಲದ ಕಾಲವೊಂದಿದ್ದರೆ ಈ ಶಕ್ತಿ ಎಲ್ಲಿತ್ತು ಎಂದು ಕೇಳಿದರು. ‘ಎನ್ನುತ್ತಾರೆ’ ಎಂಬ ಅವರ ಎಚ್ಚರಿಕೆಯನ್ನು ಗಮನಿಸಿ. ಅವರು ಆ ನಿಯಮವನ್ನು ಬಳಸಿದ್ದು ಆತ್ಮವನ್ನು ಸಿದ್ಧಪಡಿಸಲು ಅಲ್ಲ, ಸೃಷ್ಟಿ ಅನಾದಿ ಎಂಬ ಮಾತಿಗೆ. ಸೃಷ್ಟಿಕರ್ತನೇ ಬೇಡವೆನ್ನುವ ಜೈನರಿಗೂ, ಸೃಷ್ಟಿ ಮತ್ತೆ ಮತ್ತೆ ತೋರಿ ಅಡಗುತ್ತದೆ ಎನ್ನುವವರಿಗೂ ಈ ನಿಯಮ ಹಿತವಾಗಿ ಕಾಣುತ್ತದೆ. ದೇವರು ಶೂನ್ಯದಿಂದ ಸೃಷ್ಟಿಸಿದ ಎನ್ನುವ ಕ್ರೈಸ್ತ, ಇಸ್ಲಾಂ ಪರಂಪರೆಗಳಿಗೆ ಇಕ್ಕಟ್ಟಾಗಿ ಕಾಣುತ್ತದೆ. ಆದರೆ ಇತಿಹಾಸದಲ್ಲಿ ನಡೆದದ್ದು ತಿರುವುಮುರುವು. ದೇವರು ಬದಲಾಗದವನಾದ್ದರಿಂದ ಅವನಿತ್ತ ಚಲನೆಯ ಮೊತ್ತವೂ ಬದಲಾಗದು ಎಂದು ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್ 1644ರಲ್ಲಿ ವಾದಿಸಿದ. ದೇವರು ದ್ರವ್ಯಕ್ಕೆ ಕೊಟ್ಟದ್ದನ್ನು ಅಳಿಸುವುದು ಮನುಷ್ಯನಿಂದಾಗದು ಎಂಬ ನಂಬಿಕೆಯೂ ಜೂಲ್ ಅವರ ತರ್ಕದ ಒಂದು ಭಾಗವಾಗಿತ್ತು. ಅದೇ ನಿಯಮವನ್ನು ಹಿಡಿದು ಜರ್ಮನಿಯ ಲುಡ್ವಿಗ್ ಬ್ಯೂಕ್ನರ್ 1855ರಲ್ಲಿ ದೇವರೇ ಇಲ್ಲ ಎಂದು ಬರೆದ.

ನಿಯಮ ಮೌನವಾಗಿರುವ ಕಡೆ ಪ್ರತಿಯೊಬ್ಬರೂ ತಮ್ಮ ಮಾತನ್ನು ಅದರ ಬಾಯಿಗೆ ಹಾಕಿದ್ದಾರೆ. ಅದು ಮಾತಾಡುವುದು ಈಗಾಗಲೇ ಇರುವ ಜಗತ್ತಿನೊಳಗೆ, ಹೊರಗಿನೊಡನೆ ವ್ಯವಹಾರವಿಲ್ಲದ ವ್ಯವಸ್ಥೆಯೊಂದರಲ್ಲಿ ಏನು ನಡೆಯುತ್ತದೆ ಎಂಬುದನ್ನು. ಪುಸ್ತಕದ ಜಮಾ-ಖರ್ಚು ತಾಳೆಯಾಗಿದೆ ಎಂಬುದರಿಂದ ಅಂಗಡಿಯನ್ನು ಯಾರು ತೆರೆದರು, ಅಥವಾ ಯಾರಾದರೂ ತೆರೆದರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಇನ್ನೂ ಒಂದು ಮಾತು ಅವಳಿಗೆ ರುಚಿಸೀತು. 1918ರಲ್ಲಿ ಎಮ್ಮಿ ನೋಥರ್ ಎಂಬ ಗಣಿತಜ್ಞೆ, ಹೆಣ್ಣೆಂಬ ಕಾರಣಕ್ಕೆ ಬಹುಕಾಲ ಸರಿಯಾದ ಹುದ್ದೆಯೂ ಸಿಗದಿದ್ದವರು, ಈ ನಿಯಮ ಏಕೆ ನಿಜ ಎಂಬುದನ್ನು ತೋರಿಸಿದರು: ಪ್ರಕೃತಿಯ ನಿಯಮಗಳು ನಿನ್ನೆ ಇದ್ದಂತೆ ಇಂದೂ ಇದ್ದರೆ ಶಕ್ತಿ ಉಳಿಯಲೇಬೇಕು. ಆದರೆ ಹಿಗ್ಗುತ್ತಿರುವ ಇಡೀ ವಿಶ್ವದಲ್ಲಿ ಆ ಸಮತೆ ಹಾಗೆಯೇ ಉಳಿದಿಲ್ಲ. ವಿಶ್ವ ಸುಮಾರು 3,80,000 ವರ್ಷದ್ದಾಗಿದ್ದಾಗ ಹೊರಟ ಬೆಳಕು ಇಂದು ನಮ್ಮನ್ನು ತಲುಪುವಷ್ಟರಲ್ಲಿ ಅದರ ಒಂದೊಂದು ಕಣದ ಶಕ್ತಿಯೂ ಸುಮಾರು 1100ರಲ್ಲಿ ಒಂದು ಪಾಲಿಗೆ ಇಳಿದಿದೆ. ಆ ಶಕ್ತಿ ಯಾವ ಖಾತೆಗೆ ಹೋಯಿತೆಂದು ಕೇಳಿದರೆ, ಇಡೀ ವಿಶ್ವಕ್ಕೆ ಒಂದೇ ಮೊತ್ತ ಬರೆಯುವ ಪುಸ್ತಕವೇ ಐನ್‌ಸ್ಟೈನ್ ಅವರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯಲ್ಲಿ ಎಲ್ಲ ಸಂದರ್ಭಕ್ಕೂ ದೊರೆಯುವುದಿಲ್ಲ ಎಂಬುದೇ ಉತ್ತರ. ಸೃಷ್ಟಿಯ ಆದಿಯ ಬಗ್ಗೆ ತೀರ್ಪು ಕೊಡಲು ಕರೆದ ಸಾಕ್ಷಿ ಆ ಸೀಮೆಯಲ್ಲೇ ತೊದಲುತ್ತದೆ.

ಈ ವಿಶ್ವಕ್ಕೆ ಒಂದು ಆದಿಯಿತ್ತು, ಅಲ್ಲಿಂದ ಅದು ಹಿಗ್ಗುತ್ತ ಬಂತು ಎನ್ನುವ ಮಹಾಸ್ಫೋಟ ಸಿದ್ಧಾಂತದ ಮೂಲಪುರುಷರಲ್ಲೊಬ್ಬರಾದ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಸಿದ್ಧಾಂತ ಸೃಷ್ಟಿಯ ನಂಬಿಕೆಗೆ ಪುಷ್ಟಿ ಕೊಡುತ್ತದೆಂಬ ಧಾಟಿಯಲ್ಲಿ ಮಾತಾಡಿದಾಗ ಅದನ್ನು ಮೆಚ್ಚದವರಲ್ಲಿ ಲೆಮೈತ್ರ್ ಒಬ್ಬರು. ಇತ್ತ ಹಾಯ್ಲ್, ಬೊಂಡಿ, ಗೋಲ್ಡ್ ಎಂಬ ಮೂವರು 1948ರಲ್ಲಿ ಆದಿಯೇ ಇಲ್ಲದ ವಿಶ್ವವನ್ನು ಕಲ್ಪಿಸಲು ಹೊಸ ದ್ರವ್ಯ ಸದಾ ಅಷ್ಟಿಷ್ಟು ಹುಟ್ಟುತ್ತಲೇ ಇರುತ್ತದೆಂದು ಹೇಳಬೇಕಾಯಿತು. ಅಂದರೆ ಆದಿಯನ್ನು ತಪ್ಪಿಸಲು ನಾವು ಚರ್ಚಿಸುತ್ತಿರುವ ನಿಯಮವನ್ನೇ ಸಡಿಲಿಸಿದರು. 1965ರಲ್ಲಿ ಆ ಹಳೆಯ ಬೆಳಕು ಪತ್ತೆಯಾದ ಮೇಲೆ ಅವರ ಕಲ್ಪನೆ ಹಿಂದೆ ಸರಿಯಿತು.

ಕೊನೆಯದಾಗಿ ನಿಮ್ಮ ಬಂಧುಗಳ ಮಾತು. ಹೂಳಿದ ದೇಹದಲ್ಲಿ ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ಮಾಡುವ ಕೆಲಸವೂ ಚಿತೆಯ ಬೆಂಕಿ ಕೆಲವು ಗಂಟೆಗಳಲ್ಲಿ ಮಾಡುವ ಕೆಲಸವೂ ರಸಾಯನಶಾಸ್ತ್ರದ ಮಟ್ಟದಲ್ಲಿ ಬಹುಮಟ್ಟಿಗೆ ಒಂದೇ: ಇಂಗಾಲ ಆಮ್ಲಜನಕದೊಡನೆ ಕೂಡಿ ಶಕ್ತಿ ಉಷ್ಣವಾಗಿ ಹೊರಬರುತ್ತದೆ. ಸಮಾಧಿಯಲ್ಲಿ ಆ ಉಷ್ಣ ಯಾರ ಅರಿವಿಗೂ ಬಾರದಷ್ಟು ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ, ಚಿತೆಯಲ್ಲಿ ಒಮ್ಮೆಲೇ ಗಾಳಿಗೆ ಏರುತ್ತದೆ. ಮಣ್ಣಿನಲ್ಲಿ ಸಾರಜನಕ, ರಂಜಕಗಳು ಹೆಚ್ಚು ಉಳಿಯುತ್ತವೆ ಎಂಬಷ್ಟರ ಮಟ್ಟಿಗೆ ನಿಮ್ಮ ಬಂಧುಗಳ ಮಾತಿನಲ್ಲಿ ಹುರುಳಿದೆ; ಚಿತೆಯಲ್ಲಿ ಸಾರಜನಕ ಹಾರಿಹೋಗಿ ರಂಜಕ ಬೂದಿ ಮೂಳೆಗಳಲ್ಲಿ ನಿಲ್ಲುತ್ತದೆ. ಹಾಳಾಗುವ ಶಕ್ತಿಯ ಬಗ್ಗೆಯೇ ಚಿಂತೆಯಿದ್ದರೆ ಎಣಿಸಬೇಕಾದದ್ದು ದೇಹದ್ದಲ್ಲ, ಚಿತೆಗೆ ಹಾಕುವ ಕಟ್ಟಿಗೆಯದು: ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಇರುತ್ತದೆ, ಅಂದರೆ ಒಬ್ಬ ಮನುಷ್ಯ ಎರಡು ದಿನಕ್ಕೆ ತಿನ್ನುವ ಅನ್ನಕ್ಕೆ ಹತ್ತಿರ. ನೀವು ತಂದೆಯವರನ್ನು ನಿಮ್ಮ ಸಂಪ್ರದಾಯದಂತೆ ಸಮಾಧಿ ಮಾಡಿದ್ದೀರಿ. ಅದಕ್ಕೆ ಜೂಲ್ ಅವರ ಒಪ್ಪಿಗೆ ಬೇಕಿರಲಿಲ್ಲ.